ಜೇನು, ಜೇನಂಟು, ಜೇನಿನ ವಿಷ: ಅರಿವಳಿಕೆಯ ಸೂಜಿಗೆ ಇವು ಎಷ್ಟು ದೂರ?

ಪ್ರೊಪೊಲಿಸ್ ಎಂಬ ಜೇನಂಟು ನೊವೊಕೇನ್ ಎಂಬ ಮರಗಟ್ಟಿಸುವ ಔಷಧಕ್ಕಿಂತ ಎಷ್ಟೋ ಪಟ್ಟು ಬಲವಾಗಿ ಮರಗಟ್ಟಿಸುತ್ತದೆ ಎಂಬ ಮಾತು ಜೇನು ಚಿಕಿತ್ಸೆಯ ಬರಹಗಳಲ್ಲಿ ದಶಕಗಳಿಂದ ಓಡಾಡುತ್ತಿದೆ. ಜೇನಿನ ವಿಷ, ಅಂದರೆ ಜೇನುಹುಳು ಚುಚ್ಚಿದಾಗ ಬಿಡುವ ವಿಷ, ನೋವು ಕಳೆಯುತ್ತದೆ ಎಂಬುದು ಇನ್ನೊಂದು ಮಾತು. ಇವೆರಡನ್ನೂ ಕೇಳಿದವರಿಗೆ ಸಹಜವಾಗಿಯೇ ಒಂದು ಪ್ರಶ್ನೆ ಹುಟ್ಟುತ್ತದೆ. ಆಪರೇಷನ್‌ಗೆ ಮುಂಚೆ ಬೆನ್ನಿಗೋ ತೋಳಿಗೋ ಕೊಡುವ ಅರಿವಳಿಕೆಯ ಜೊತೆಗೆ ಜೇನಿನ ಪದಾರ್ಥಗಳನ್ನೂ ಸೇರಿಸಬಹುದಲ್ಲ? ಔಷಧ ಕಡಿಮೆ ಸಾಕಾಗುತ್ತದೆ, ನೈಸರ್ಗಿಕವಾದದ್ದೇ ಕೆಲಸ ಮಾಡುತ್ತದೆ, ಒಳ್ಳೆಯದೇ ಅಲ್ವಾ?

ಇದು ತಳ್ಳಿಹಾಕುವ ಪ್ರಶ್ನೆಯಲ್ಲ. ಇದರ ಹಿಂದೆ ನಿಜವಾದ ಪ್ರಯೋಗಗಳಿವೆ, ಒಂದಂತೂ ನಮ್ಮ ಮಂಗಳೂರಿನದೇ. ಆದರೆ ಈ ಚರ್ಚೆಯಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಒಂದೇ ಮಾತಾಗಿ ಬೆರೆತುಹೋಗಿವೆ. ಬಾಯಿ, ಗಂಟಲು, ಗಾಯದ ಮೇಲೆ ಹಚ್ಚುವುದು ಒಂದು. ಚರ್ಮದೊಳಗೆ ಚುಚ್ಚುವುದು ಇನ್ನೊಂದು. ನರದ ಪಕ್ಕಕ್ಕೆ, ಬೆನ್ನುಹುರಿಯ ಸುತ್ತಲಿನ ನೀರಿಗೆ ಸೇರಿಸುವುದು ಮತ್ತೊಂದು. ಮೊದಲನೆಯದರಲ್ಲಿ ಜೇನಿಗೆ ಒಂದು ಜಾಗ ಇದೆ ಎಂದು ನಾನು ನಂಬುತ್ತೇನೆ. ಮೂರನೆಯದರಲ್ಲಿ ಇವತ್ತಿಗೆ ಇಲ್ಲವೇ ಇಲ್ಲ. ಯಾಕೆ ಅಂತ ನೋಡೋಣ.

ಮೊದಲು ಆಪರೇಷನ್ ಕೋಣೆಯಲ್ಲಿ ನಡೆಯುವುದೇನು ಎಂಬುದು. ಸಿಸೇರಿಯನ್ ಹೆರಿಗೆಯಲ್ಲಿ ಸಾಮಾನ್ಯವಾಗಿ ತಾಯಿಗೆ ಪೂರ್ತಿ ಪ್ರಜ್ಞೆ ತಪ್ಪಿಸುವುದಿಲ್ಲ. ಬೆನ್ನಿಗೆ ಒಂದು ಇಂಜೆಕ್ಷನ್ ಕೊಡುತ್ತಾರೆ, ಸೊಂಟದಿಂದ ಕೆಳಗೆ ಮರಗಟ್ಟುತ್ತದೆ. ಕೈ ಮುರಿದವರಿಗೆ ಕುತ್ತಿಗೆಯ ಬದಿಯಲ್ಲೋ ಕಂಕುಳಲ್ಲೋ ನರಗಳ ಹತ್ತಿರ ಔಷಧ ಹಾಕಿ ಕೈಯನ್ನಷ್ಟೇ ಮರಗಟ್ಟಿಸುತ್ತಾರೆ. ಕಣ್ಣಿನ ಪೊರೆ ತೆಗೆಯುವಾಗ ಕಣ್ಣುಗುಡ್ಡೆಯ ಸುತ್ತ ಔಷಧ ಹಾಕುವುದೂ ಉಂಟು. ಹೀಗೆ ದೇಹದ ಒಂದು ಭಾಗಕ್ಕೆ ಮಾತ್ರ ಕೊಡುವುದೇ ಪ್ರಾದೇಶಿಕ ಅರಿವಳಿಕೆ.

ಲಿಗ್ನೊಕೇನ್, ಬ್ಯುಪಿವಕೇನ್ ಮುಂತಾದ ಔಷಧಗಳು ಕೆಲಸ ಮಾಡುವ ರೀತಿ ಸರಳ. ನರದ ಪೊರೆಯಲ್ಲಿ ಸೋಡಿಯಂ ಒಳನುಗ್ಗಲು ಪುಟ್ಟ ಬಾಗಿಲುಗಳಿವೆ. ಅವು ತೆರೆದರೆ ನೋವಿನ ಸಂಕೇತ ಮುಂದೆ ಸಾಗುತ್ತದೆ. ಔಷಧ ನರದೊಳಗೆ ಹೋಗಿ ಆ ಬಾಗಿಲುಗಳನ್ನು ಒಳಗಿನಿಂದ ಮುಚ್ಚಿಬಿಡುತ್ತದೆ. ಔಷಧ ಕರಗಿಹೋದ ಮೇಲೆ ಬಾಗಿಲು ಮತ್ತೆ ತೆರೆಯುತ್ತದೆ, ಸ್ಪರ್ಶ ವಾಪಸ್ ಬರುತ್ತದೆ. ಈ ಔಷಧ ಬೇಗ ಹಿಡಿಯಲಿ, ಜಾಸ್ತಿ ಹೊತ್ತು ನಿಲ್ಲಲಿ ಎಂದು ಜೊತೆಗೆ ಸಹಾಯಕ ಔಷಧಗಳನ್ನು ಸೇರಿಸುವುದುಂಟು. ಅಡ್ರಿನಲಿನ್, ಫೆಂಟನಿಲ್, ಕ್ಲೋನಿಡಿನ್, ಡೆಕ್ಸ್‌ಮೆಡಿಟೊಮಿಡಿನ್, ಡೆಕ್ಸಾಮೆಥಸೋನ್ ಇಂಥವು. ಜೇನಿನ ಪದಾರ್ಥಗಳಿಗೆ ಜನ ಕೇಳುತ್ತಿರುವುದು ಈ ಪಟ್ಟಿಯಲ್ಲೊಂದು ಜಾಗ.

ಈಗ ಜೇನಂಟಿನ ವಿಷಯ. ಜೇನುಹುಳುಗಳು ಮರದ ಮೊಗ್ಗು, ತೊಗಟೆಗಳಿಂದ ಅಂಟು ತಂದು, ಮೇಣ ಬೆರೆಸಿ, ಗೂಡಿನ ಬಿರುಕು ಮುಚ್ಚುತ್ತವೆ. ಒಳ್ಳೆಯ ಪ್ರೊಪೊಲಿಸ್ ಚೂರೊಂದನ್ನು ಬಾಯಲ್ಲಿಟ್ಟು ಅಗಿದರೆ ನಾಲಿಗೆ ನಿಜವಾಗಿಯೂ ಜುಮ್ಮೆನ್ನುತ್ತದೆ. ಸೋವಿಯತ್ ಕಾಲದ ಹಲ್ಲಿನ ವೈದ್ಯರು ಇದರ ಸ್ಪಿರಿಟ್ ದ್ರಾವಣವನ್ನು ನೋವಿಗೆ ಬಳಸಿದ್ದರು. ನೊವೊಕೇನ್ ಜೊತೆಗಿನ ಹೋಲಿಕೆ ಹರಡಿದ್ದೂ ಆ ಕಾಲದ ಬರಹಗಳಿಂದಲೇ. 1979ರಲ್ಲಿ ಜರ್ಮನಿಯ ಔಷಧ ವಿಜ್ಞಾನ ಪತ್ರಿಕೆಯೊಂದರಲ್ಲಿ ಒಂದು ಮುಖ್ಯವಾದ ಲೇಖನ ಬಂತು. ಪ್ರೊಪೊಲಿಸ್‌ನಲ್ಲಿರುವ ಪಿನೊಸೆಂಬ್ರಿನ್, ಪಿನೊಸ್ಟ್ರೋಬಿನ್ ಮತ್ತು ಕೆಫಿಕ್ ಆಮ್ಲದ ಎಸ್ಟರ್‌ಗಳನ್ನು ಮೊಲದ ಕಣ್ಣಿನ ಪಾರದರ್ಶಕ ಪದರದ ಮೇಲೆ ಹಾಕಿ ನೋಡಿದ್ದರು. ಅವಕ್ಕೆ ಮರಗಟ್ಟಿಸುವ ಗುಣ ಇತ್ತು.

ಅಂದರೆ ಮೂಲದಲ್ಲಿ ಸುಳ್ಳಿಲ್ಲ. ತೊಂದರೆ ಬರುವುದು ಅಲ್ಲಿಂದ ಮುಂದೆ. ಮೊಲದ ಕಣ್ಣಿನ ಮೇಲಿನ ಫಲವನ್ನು ಮನುಷ್ಯನ ತೋಳಿನ ನರಗಳಿಗೆ ನೇರವಾಗಿ ಹೊರಿಸಲಾಗದು. ಕಣ್ಣಿನ ಆ ಪದರದಲ್ಲಿ ನರದ ತುದಿಗಳು ಮೇಲ್ಮೈಯಲ್ಲೇ ಇವೆ, ಹೆಚ್ಚುಕಡಿಮೆ ಬತ್ತಲಾಗಿವೆ. ತೋಳಿಗೆ ಹೋಗುವ ದಪ್ಪ ನರಕ್ಕೆ ಪದರದ ಮೇಲೆ ಪದರ ಹೊದಿಕೆ ಇದೆ. ಒಂದು ಕಡೆ ಮರಗಟ್ಟಿಸಿದ್ದು ಇನ್ನೊಂದು ಕಡೆ ಒಳಗೇ ಹೋಗದಿರಬಹುದು.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಪ್ರೊಪೊಲಿಸ್ ಎಂಬುದು ಒಂದೇ ವಸ್ತುವಲ್ಲ. ಯುರೋಪಿನದು ಹೆಚ್ಚಾಗಿ ಪಾಪ್ಲರ್ ಮರದ ಮೊಗ್ಗಿನ ಅಂಟು. ಬ್ರೆಜಿಲ್‌ನ ಹಸಿರು ಪ್ರೊಪೊಲಿಸ್ ಬಕ್ಕಾರಿಸ್ ಎಂಬ ಪೊದೆಯಿಂದ ಬಂದದ್ದು, ಅದರ ರಸಾಯನವೇ ಬೇರೆ. ನಮ್ಮಲ್ಲಿ ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನು ಪ್ರೊಪೊಲಿಸ್ ಕೂಡಿಹಾಕುವುದೇ ಇಲ್ಲ ಎನ್ನಬಹುದು. ಹೊರಗಿನಿಂದ ಬಂದ ಮೆಲ್ಲಿಫೆರಾ ಜಾತಿಯ ಜೇನು ಕೂಡಿಹಾಕುತ್ತದೆ. ಕರಾವಳಿಯವರು ಮುಜಂಟಿ, ಮಲೆನಾಡಿನವರು ಮಿಸ್ರಿ ಎನ್ನುವ ಕೊಂಡಿಯಿಲ್ಲದ ಜೇನಂತೂ ಅಂಟಿನಲ್ಲೇ ಗೂಡು ಕಟ್ಟುತ್ತದೆ. ಆದರೆ ಅದು ತರುವುದು ಸುತ್ತಮುತ್ತ ಇರುವ ಮರಗಳ ಅಂಟನ್ನು. ಪುತ್ತೂರಿನ ತೋಟದ ಮುಜಂಟಿ ಅಂಟಿನಲ್ಲೂ ಜರ್ಮನಿಯ ಪಾಪ್ಲರ್ ಅಂಟಿನಲ್ಲೂ ಒಂದೇ ಅಂಶ ಇರಬೇಕೆಂದು ನಿರೀಕ್ಷಿಸಲು ಕಾರಣವೇ ಇಲ್ಲ. ಬಾಟಲಿಯ ಮೇಲೆ 'ಪ್ರೊಪೊಲಿಸ್' ಎಂದಷ್ಟೇ ಬರೆದಿದ್ದರೆ ಒಳಗೆ ಏನಿದೆ ಎಂದು ಗೊತ್ತಾಗುವುದಿಲ್ಲ. ಅರಿವಳಿಕೆ ಕೊಡುವವರಿಗೆ ಒಂದು ಮಿಲಿಲೀಟರ್‌ನಲ್ಲಿ ಎಷ್ಟು ಮಿಲಿಗ್ರಾಂ ಇದೆ ಎಂಬುದೇ ಮೊದಲ ಪ್ರಶ್ನೆ. ರೋಗಿಯ ತೂಕಕ್ಕೆ ಗುಣಿಸಿ ಮಿತಿ ಲೆಕ್ಕ ಹಾಕುವ ಕೆಲಸ ಅದು.

ನಾಲಿಗೆ ಮರಗಟ್ಟಿದ್ದರಿಂದ ಆಸ್ಪತ್ರೆಯ ಔಷಧ ಹುಟ್ಟಿದ ಕತೆ ಇಲ್ಲದಿಲ್ಲ. ಲಿಗ್ನೊಕೇನ್ ಹುಟ್ಟಿದ್ದೇ ಹಾಗೆ. 1935ರ ಸುಮಾರಿಗೆ ಸ್ಟಾಕ್‌ಹೋಮ್‌ನಲ್ಲಿ ಹೋಲ್ಗರ್ ಎರ್ಟ್‌ಮನ್ ಎಂಬ ರಸಾಯನ ವಿಜ್ಞಾನಿ ಬಾರ್ಲಿಯಲ್ಲಿ ಸಿಗುವ ಗ್ರಮೀನ್ ಎಂಬ ವಸ್ತುವಿನ ಬೆನ್ನುಹತ್ತಿದ್ದರು. ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಲು ಹೋಗಿ ಐಸೊಗ್ರಮೀನ್ ಎಂಬ ಅದರ ದಾಯಾದಿ ಸಿಕ್ಕಿತು. ಆ ಕಾಲದ ರೂಢಿಯಂತೆ ಒಂದಿಷ್ಟು ನಾಲಿಗೆಗೆ ಹಚ್ಚಿ ರುಚಿ ನೋಡಿದರು. ನಾಲಿಗೆ ಮರಗಟ್ಟಿತು. ಆದರೆ ಐಸೊಗ್ರಮೀನನ್ನು ಯಾರೂ ಸಿರಿಂಜಿಗೆ ತುಂಬಲಿಲ್ಲ. ಅದು ದೇಹದ ಒಳಗೆ ತುಂಬಾ ಉರಿ ತರುತ್ತಿತ್ತು. ನೀಲ್ಸ್ ಲೋಫ್‌ಗ್ರೆನ್ ಅದರ ರಚನೆಯನ್ನು ಬದಲಿಸುತ್ತಾ, ಒಂದರ ಹಿಂದೊಂದು ಹೊಸ ವಸ್ತು ತಯಾರಿಸುತ್ತಾ ಹೋದರು. 1943ರಲ್ಲಿ ಒಂದು ಸರಿಯಾದದ್ದು ಸಿಕ್ಕಿತು. ಅವರ ಜೊತೆಗಾರ ಬೆಂಗ್ಟ್ ಲುಂಡ್‌ಕ್ವಿಸ್ಟ್ ಅದನ್ನು ತನ್ನ ಮೈಮೇಲೇ ಪರೀಕ್ಷಿಸಿಕೊಂಡರು. ಅದಾದ ಮೇಲೂ ಪರೀಕ್ಷೆಗಳು ನಡೆದು, 1948ರಲ್ಲಿ ಆಸ್ಟ್ರಾ ಕಂಪನಿ ಅದನ್ನು ಜೈಲೊಕೇನ್ ಎಂದು ಮಾರುಕಟ್ಟೆಗೆ ತಂದಿತು. ನಾಲಿಗೆಯಿಂದ ಸೀಸೆಗೆ ಬರಲು 13 ವರ್ಷ ಬೇಕಾಯಿತು. ಪ್ರೊಪೊಲಿಸ್‌ನ ಪಿನೊಸೆಂಬ್ರಿನ್ ವಿಷಯದಲ್ಲಿ ನಾವಿನ್ನೂ ನಾಲಿಗೆಯ ಹಂತದಲ್ಲೇ ಇದ್ದೇವೆ.

ಇನ್ನು ಜೇನುತುಪ್ಪ. ಇಲ್ಲಿ ಮಂಗಳೂರಿನ ಪ್ರಯೋಗ ಬರುತ್ತದೆ. ಬಾಯಿಯ ಕ್ಯಾನ್ಸರ್‌ಗೆ ರೇಡಿಯೇಷನ್ ಕೊಟ್ಟಾಗ ಬಾಯೊಳಗಿನ ಪದರ ಕಿತ್ತುಹೋಗಿ ಹುಣ್ಣಾಗುತ್ತದೆ. ನೀರು ನುಂಗುವುದೂ ಕಷ್ಟ. ಕೆಲವರಿಗೆ ಚಿಕಿತ್ಸೆಯನ್ನೇ ನಡುವೆ ನಿಲ್ಲಿಸಬೇಕಾಗುತ್ತದೆ. ಮಂಗಳೂರಿನ ದಂತ ವೈದ್ಯಕೀಯ ಕಾಲೇಜೊಂದರ ವೈದ್ಯರು ಇಂಥ 40 ರೋಗಿಗಳನ್ನು ಎರಡು ಗುಂಪು ಮಾಡಿದರು. 20 ಜನಕ್ಕೆ ಜೇನುತುಪ್ಪ, 20 ಜನಕ್ಕೆ ಲಿಗ್ನೊಕೇನ್ ಜೆಲ್. 2010ರಲ್ಲಿ ಪ್ರಕಟವಾದ ಫಲಿತಾಂಶ ಕಣ್ಣರಳಿಸುವಂತಿತ್ತು. ತಡೆದುಕೊಳ್ಳಲಾಗದಷ್ಟು ಹುಣ್ಣು ಲಿಗ್ನೊಕೇನ್ ಗುಂಪಿನಲ್ಲಿ 15 ಜನಕ್ಕೆ ಬಂತು, ಜೇನುತುಪ್ಪದ ಗುಂಪಿನಲ್ಲಿ ಒಬ್ಬರಿಗೆ.

ಇದನ್ನು 'ಜೇನುತುಪ್ಪ ಅರಿವಳಿಕೆಯನ್ನೇ ಸೋಲಿಸಿತು' ಎಂದು ಓದುವುದು ಸುಲಭ. ಆದರೆ ಅದು ಹಾಗಲ್ಲ. ಲಿಗ್ನೊಕೇನ್ ಜೆಲ್ ಹುಣ್ಣನ್ನು ತಡೆಯುವ ಔಷಧವಲ್ಲ. ಅದು ಒಂದಷ್ಟು ಹೊತ್ತು ನೋವು ಮರೆಸುತ್ತದೆ, ಅಷ್ಟೇ. ಜೇನುತುಪ್ಪ ಮಾಡಿದ್ದು ಬೇರೆ ಕೆಲಸ. ಪದರದ ಮೇಲೆ ಹೊದಿಕೆಯಾಗಿ ಕೂತು, ಸೋಂಕು ಕಡಿಮೆ ಮಾಡಿ, ಗಾಯ ಮಾಯಲು ಬಿಟ್ಟಿರಬೇಕು. ಹುಣ್ಣು ಕಡಿಮೆಯಾದರೆ ನೋವೂ ಕಡಿಮೆ. ಮರಗಟ್ಟಿಸುವುದು ಬೇರೆ, ನೋವಿನ ಕಾರಣವನ್ನೇ ತಗ್ಗಿಸುವುದು ಬೇರೆ. ರೋಗಿಗೆ ಎರಡನೆಯದೇ ದೊಡ್ಡ ಉಪಕಾರ ಎಂದು ನನ್ನ ಅನಿಸಿಕೆ. ಗುಟ್ಕಾ, ತಂಬಾಕಿನಿಂದ ಬಾಯಿ ಕ್ಯಾನ್ಸರ್ ಇಷ್ಟೊಂದು ಇರುವ ನಾಡಿನಲ್ಲಿ ಈ ಪ್ರಯೋಗಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

ಹಾಗೆಂದು ಇದೇ ಕೊನೆಯ ಮಾತೂ ಅಲ್ಲ. 2012ರಲ್ಲಿ ಮ್ಯಾಂಚೆಸ್ಟರ್‌ನವರು 131 ರೋಗಿಗಳ ಮೇಲೆ ಮನುಕಾ ಎಂಬ ಪೊದೆಯ ಹೂವಿನ ಜೇನುತುಪ್ಪವನ್ನು ಸಕ್ಕರೆ ಪಾಕದ ಎದುರು ಪರೀಕ್ಷಿಸಿದರು. ಹುಣ್ಣಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಯಾಕೆ ಹೀಗೆ? ಜೇನು ಬೇರೆ, ಹೋಲಿಸಿದ ವಸ್ತು ಬೇರೆ, ರೋಗಿಗಳ ಸಂಖ್ಯೆ ಬೇರೆ. ಪಾಕವೂ ಜೇನಿನಂತೆಯೇ ಪದರಕ್ಕೆ ಅಂಟಿ ಕೂರುತ್ತದೆ, ಹಾಗಾಗಿ ಅದೇ ಸ್ವಲ್ಪ ಕೆಲಸ ಮಾಡಿರಲೂಬಹುದು. ಮಕ್ಕಳ ಟಾನ್ಸಿಲ್ ಆಪರೇಷನ್ ನಂತರ ಪ್ಯಾರಾಸಿಟಮಾಲ್ ಜೊತೆಗೆ ಜೇನುತುಪ್ಪ ಕೊಟ್ಟು ನೋವು ಕಡಿಮೆಯಾದದ್ದನ್ನು ವರದಿ ಮಾಡಿದ ಅಧ್ಯಯನಗಳೂ ಇವೆ. ಇದು ಅರಿವಳಿಕೆ ಇಳಿದ ಮೇಲಿನ ಆರೈಕೆ. ಅಲ್ಲಿ ಜೇನುತುಪ್ಪ ನಿಜಕ್ಕೂ ನೆರವಾಗಬಲ್ಲದು. ಸಕ್ಕರೆ ಕಾಯಿಲೆ ಇರುವವರು ಮತ್ತು ರೇಡಿಯೇಷನ್‌ನಿಂದ ಬಾಯಿ ಒಣಗಿ ಹಲ್ಲು ಹುಳುಕಾಗುವ ಅಪಾಯ ಇರುವವರು ಮಾತ್ರ ವೈದ್ಯರನ್ನು ಕೇಳಿಯೇ ಬಳಸಬೇಕು. ಒಂದು ವರ್ಷದೊಳಗಿನ ಮಗುವಿಗೆ ಯಾವ ಕಾರಣಕ್ಕೂ ಬೇಡ.

ಆ ಕೊನೆಯ ಎಚ್ಚರಿಕೆಯ ಹಿಂದಿರುವ ಕಾರಣವೇ ಜೇನುತುಪ್ಪವನ್ನು ಸೂಜಿಯಿಂದ ದೂರ ಇಡುವುದಕ್ಕೂ ಕಾರಣ. ಜೇನಿನಲ್ಲಿ ಬಾಟ್ಯುಲಿಸಂ ತರುವ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ದೊಡ್ಡವರ ಹೊಟ್ಟೆಯಲ್ಲಿ ಅವು ಮೊಳೆಯುವುದಿಲ್ಲ, ಹಸುಳೆಯ ಕರುಳಿನಲ್ಲಿ ಮೊಳೆಯುತ್ತವೆ. ಆಸ್ಪತ್ರೆಯಲ್ಲಿ ಇಂಥ ಬೀಜಕಣ ಕೊಲ್ಲಲು ಆಟೋಕ್ಲೇವ್‌ನಲ್ಲಿ 121 ಡಿಗ್ರಿ ಹಬೆ ಬಳಸುತ್ತಾರೆ. ಆ ಬಿಸಿಗೆ ಜೇನಿನ ಕಿಣ್ವಗಳೇ ಸತ್ತುಹೋಗುತ್ತವೆ. ಅದಕ್ಕೇ ಗಾಯಕ್ಕೆ ಹಚ್ಚುವ ವೈದ್ಯಕೀಯ ಜೇನುತುಪ್ಪವನ್ನು ಗಾಮಾ ಕಿರಣ ಹಾಯಿಸಿ ಶುದ್ಧ ಮಾಡುತ್ತಾರೆ. ಅಂಥ ಜೇನು ಹಚ್ಚಿದ ಗಾಯದ ಪಟ್ಟಿಗಳಿಗೆ ಅಮೆರಿಕದಲ್ಲಿ 2007ರಲ್ಲೇ ಒಪ್ಪಿಗೆ ಸಿಕ್ಕಿದೆ. ಅದು ಕೂಡ ಗಾಯದ ಮೇಲೆ ಹಚ್ಚಲು ಮಾತ್ರ.

ಆಮ್ಲತೆಯದು ಇನ್ನೊಂದು ತೊಂದರೆ. ಆಮ್ಲತೆಯ ಅಳತೆಯಾದ ಪಿಎಚ್ ಕಡಿಮೆಯಾದಷ್ಟೂ ಆಮ್ಲ ಹೆಚ್ಚು; ಜೇನುತುಪ್ಪದ ಪಿಎಚ್ ಸುಮಾರು 4. ಲಿಗ್ನೊಕೇನ್ ನರದ ಪೊರೆ ದಾಟಬೇಕಾದರೆ ಅದರ ಅಣುಗಳಲ್ಲಿ ಒಂದು ಪಾಲು ವಿದ್ಯುದಾವೇಶ ಇಲ್ಲದೆ ಇರಬೇಕು. ದೇಹದ ಸಾಮಾನ್ಯ ಪಿಎಚ್ 7.4ರಲ್ಲಿ ಸುಮಾರು ಕಾಲು ಭಾಗ ಹಾಗಿರುತ್ತದೆ. ಆಮ್ಲ ಹೆಚ್ಚಾದಷ್ಟೂ ಈ ಪಾಲು ಕುಗ್ಗುತ್ತದೆ. ಕೀವು ತುಂಬಿದ ಹಲ್ಲಿಗೆ ಇಂಜೆಕ್ಷನ್ ಸರಿಯಾಗಿ ಹಿಡಿಯದಿರಲು ಇದೂ ಒಂದು ಕಾರಣ. ಬೇಗ ಹಿಡಿಯಲಿ ಎಂದು ವೈದ್ಯರು ಕೆಲವೊಮ್ಮೆ ಸೋಡಿಯಂ ಬೈಕಾರ್ಬನೇಟ್ ಸೇರಿಸಿ ಆಮ್ಲತೆ ತಗ್ಗಿಸುತ್ತಾರೆ. ಜೇನುತುಪ್ಪ ಸೇರಿಸಿದರೆ ಆಗುವುದು ಅದರ ತದ್ವಿರುದ್ಧ.

ಇಲ್ಲಿ ಕೆಲವರು ಒಂದು ಒಳ್ಳೆಯ ಪ್ರಶ್ನೆ ಕೇಳುತ್ತಾರೆ: ಬೆನ್ನಿಗೆ ಕೊಡುವ ಔಷಧದಲ್ಲಿ ಸಕ್ಕರೆ ಇರುತ್ತದಲ್ಲ? ನಿಜ. 'ಹೆವಿ' ಬ್ಯುಪಿವಕೇನ್‌ನ ಪ್ರತಿ ಮಿಲಿಲೀಟರ್‌ನಲ್ಲಿ 80 ಮಿಲಿಗ್ರಾಂ ಡೆಕ್ಸ್‌ಟ್ರೋಸ್ ಇರುತ್ತದೆ. ಅದಿರುವುದು ಔಷಧವನ್ನು ಬೆನ್ನುಹುರಿಯ ನೀರಿಗಿಂತ ಭಾರ ಮಾಡಲು. ಭಾರ ಆದರೆ ಔಷಧ ಕೆಳಕ್ಕೆ ಇಳಿಯುತ್ತದೆ. ರೋಗಿಯನ್ನು ಯಾವ ಕಡೆ ವಾಲಿಸಿದರೆ ಎಲ್ಲಿ ಮರಗಟ್ಟುತ್ತದೆ ಎಂದು ವೈದ್ಯರು ಹಿಡಿತ ಇಟ್ಟುಕೊಳ್ಳಬಹುದು. ಆ ಡೆಕ್ಸ್‌ಟ್ರೋಸ್ ಶುದ್ಧವಾದ ಒಂದೇ ವಸ್ತು, ಅಳತೆ ಗೊತ್ತು, ಪರಾಗ ಇಲ್ಲ, ಮೇಣ ಇಲ್ಲ, ಕಿಣ್ವ ಇಲ್ಲ.

ಬೆನ್ನುಹುರಿಯ ಸುತ್ತಲಿನ ಜಾಗ ಎಷ್ಟು ಸೂಕ್ಷ್ಮ ಎಂಬುದಕ್ಕೆ ಅರಿವಳಿಕೆ ಕಲಿಯುವವರೆಲ್ಲ ಓದುವ ಒಂದು ಪ್ರಕರಣ ಇದೆ. 1947ರಲ್ಲಿ ಇಂಗ್ಲೆಂಡಿನ ಚೆಸ್ಟರ್‌ಫೀಲ್ಡ್‌ನಲ್ಲಿ ಒಂದೇ ದಿನ, ಒಂದೇ ಆಸ್ಪತ್ರೆಯಲ್ಲಿ ಬೆನ್ನಿಗೆ ಅರಿವಳಿಕೆ ಪಡೆದ ಇಬ್ಬರಿಗೆ ಸೊಂಟದ ಕೆಳಗೆ ಶಾಶ್ವತ ಪಾರ್ಶ್ವವಾಯು ಆಯಿತು. ಔಷಧದ ಗಾಜಿನ ಸೀಸೆಗಳನ್ನು ಫೀನಾಲ್‌ನಲ್ಲಿ ಮುಳುಗಿಸಿ ಇಡುತ್ತಿದ್ದರು. ಕಣ್ಣಿಗೆ ಕಾಣದ ಬಿರುಕಿನಿಂದ ಫೀನಾಲ್ ಒಳಸೇರಿತು ಎಂದು ಕೋರ್ಟು ಆಗ ನಂಬಿತು. ಪಾತ್ರೆ ತೊಳೆದ ಆಮ್ಲ ಸ್ವಲ್ಪ ಉಳಿದು ಸೂಜಿ, ಸಿರಿಂಜಿಗೆ ಸೇರಿರಬೇಕು ಎಂದು ನಂತರದ ವೈದ್ಯರು ವಾದಿಸಿದ್ದಾರೆ. ಎರಡರಲ್ಲಿ ಯಾವುದೇ ಆಗಲಿ, ಒಂದಿಷ್ಟೇ ಇಷ್ಟು ಕಲ್ಮಶ ಇಬ್ಬರ ಕಾಲುಗಳನ್ನು ಕಸಿಯಿತು. ಬ್ರಿಟನ್ನಿನಲ್ಲಿ ವರ್ಷಗಟ್ಟಲೆ ಬೆನ್ನಿನ ಅರಿವಳಿಕೆ ಎಂದರೆ ಜನ ಹೆದರುವಂತಾಯಿತು.

ವಿಷದ ಕತೆ ಇನ್ನೂ ತಿರುವುಗಳಿಂದ ಕೂಡಿದೆ. ಜೇನು ಚುಚ್ಚಿಸಿಕೊಂಡು ಕೀಲುನೋವು ವಾಸಿ ಮಾಡುವ ಪದ್ಧತಿಗೆ ವೈದ್ಯಕೀಯ ಬರಹದಲ್ಲಿ ಜಾಗ ಕೊಟ್ಟವರು ಈಗಿನ ಸ್ಲೊವೇನಿಯಾದ ಮಾರಿಬೋರ್‌ನ ವೈದ್ಯ ಫಿಲಿಪ್ ಟೆರ್ಚ್, 1888ರಲ್ಲಿ. ಕೊರಿಯಾ, ಚೀನಾಗಳಲ್ಲಿ ತೆಳು ಮಾಡಿದ ವಿಷವನ್ನು ಅಕ್ಯುಪಂಕ್ಚರ್ ಬಿಂದುಗಳಿಗೆ ಚುಚ್ಚುತ್ತಾರೆ. ಕೊರಿಯಾದ ಪ್ರಯೋಗಾಲಯಗಳು ಇಲಿಗಳಲ್ಲಿ ಒಂದು ಸ್ವಾರಸ್ಯದ ಸಂಗತಿ ಕಂಡವು. ತೆಳು ವಿಷ ನೋವು ತಗ್ಗಿಸುವುದು ಬೆನ್ನುಹುರಿಯ ಆಲ್ಫಾ-2 ಗ್ರಾಹಕಗಳ, ಅಂದರೆ ಜೀವಕೋಶದ ಮೇಲೆ ಸಂಕೇತ ಹಿಡಿಯುವ ತಾಣಗಳ, ಮೂಲಕ. ಆಪರೇಷನ್ ಕೋಣೆಯಲ್ಲಿ ಸಹಾಯಕ ಔಷಧಗಳಾಗಿರುವ ಕ್ಲೋನಿಡಿನ್, ಡೆಕ್ಸ್‌ಮೆಡಿಟೊಮಿಡಿನ್ ಕೆಲಸ ಮಾಡುವುದೂ ಅದೇ ಗ್ರಾಹಕಗಳ ಮೇಲೆ. ಜೇನಿನ ವಿಷವನ್ನು ಅರಿವಳಿಕೆಯ ನೆರವಿಗೆ ತರುವ ಆಸೆಗೆ ಇದಕ್ಕಿಂತ ಗಟ್ಟಿಯಾದ ಆಧಾರ ನನಗೆ ಕಂಡಿಲ್ಲ.

ಆದರೆ ಅದೇ ವಿಷದ ಇನ್ನೊಂದು ಮುಖವೂ ಇದೆ. 1996ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಲಾರಿವಿಯೆರ್ ಮತ್ತು ರೊನಾಲ್ಡ್ ಮೆಲ್ಝಾಕ್ ನೋವನ್ನು ಅಧ್ಯಯನ ಮಾಡಲು ಒಂದು ಹೊಸ ಪರೀಕ್ಷೆ ರೂಪಿಸಿದರು. ಇಲಿಯ ಪಾದಕ್ಕೆ ಜೇನಿನ ವಿಷ ಚುಚ್ಚುವುದೇ ಆ ಪರೀಕ್ಷೆ. ಅದು ಬಹಳ ಹೊತ್ತು ಬಿಡದ ನೋವು ಹುಟ್ಟಿಸುತ್ತದೆ. ಆ ನೋವಿನ ಮೇಲೆ ನೋವುನಿವಾರಕಗಳನ್ನು ಪರೀಕ್ಷಿಸುತ್ತಾರೆ. ವಿಷದ ಒಣ ತೂಕದಲ್ಲಿ ಅರ್ಧದಷ್ಟು ಮೆಲಿಟಿನ್. 26 ಅಮೈನೊ ಆಮ್ಲಗಳ ಈ ಸರಪಳಿ ಜೀವಕೋಶಗಳ ಪೊರೆಯನ್ನೇ ತೂತು ಮಾಡುತ್ತದೆ. ನರದ ಪಕ್ಕದಲ್ಲಿ ಅಂಥದ್ದು ಯಾರಿಗೂ ಬೇಡ.

ಕಣ್ಣಿನ ಆಪರೇಷನ್‌ನಲ್ಲಿ ಮಾತ್ರ ಜೇನಿನ ವಿಷಕ್ಕೂ ಅರಿವಳಿಕೆಗೂ ಒಂದು ನಿಜವಾದ ನಂಟು ಕಾಣುತ್ತದೆ. ಕಣ್ಣುಗುಡ್ಡೆಯ ಸುತ್ತ ಹಾಕುವ ಲಿಗ್ನೊಕೇನ್ ಚೆನ್ನಾಗಿ ಹರಡಲಿ ಎಂದು ಹಯಲ್ಯುರೊನಿಡೇಸ್ ಎಂಬ ಕಿಣ್ವ ಬೆರೆಸುವ ರೂಢಿ 1949ರ ಹೊತ್ತಿಗೇ ಶುರುವಾಗಿತ್ತು. ಜೀವಕೋಶಗಳ ನಡುವಿನ ಅಂಟನ್ನು ಅದು ಸಡಿಲ ಮಾಡುತ್ತದೆ. ಜೇನಿನ ವಿಷದಲ್ಲೂ ಇದೇ ಜಾತಿಯ ಕಿಣ್ವ ಇದೆ, ವಿಷ ಬೇಗ ಹರಡುವುದು ಅದರಿಂದ. ಆದರೆ ಆಸ್ಪತ್ರೆಯ ಸೀಸೆಯಲ್ಲಿರುವುದು ಹಸು, ಕುರಿಯಂಥ ಪ್ರಾಣಿಗಳಿಂದ ತೆಗೆದದ್ದು, ಇಲ್ಲವೇ ಮನುಷ್ಯರ ಕಿಣ್ವದ ಮಾದರಿಯಲ್ಲಿ ಪ್ರಯೋಗಾಲಯದಲ್ಲಿ ಮಾಡಿದ್ದು. ಜೇನಿನದಲ್ಲ. ಯಾಕೆಂದರೆ ಜೇನಿನ ಆ ಕಿಣ್ವವೇ ಅಲರ್ಜಿ ತರುವ ಮುಖ್ಯ ಅಂಶಗಳಲ್ಲೊಂದು. ಜೇನು ಕಚ್ಚಿದರೆ ಮೈಯೆಲ್ಲ ಊದಿ ಉಸಿರು ಕಟ್ಟುವವರು ಪೊರೆ ಆಪರೇಷನ್‌ಗೆ ಮುಂಚೆ ಅದನ್ನು ತಪ್ಪದೆ ಹೇಳಬೇಕಾದ್ದು ಈ ಕಾರಣಕ್ಕೂ.

ವಿಷವೊಂದು ಬೆನ್ನುಹುರಿಯ ಔಷಧವಾಗಲು ಸಾಧ್ಯವೇ ಇಲ್ಲವೇ? ಸಾಧ್ಯ, ಆಗಿದೆ ಕೂಡ. ಬಸವನಹುಳುವಿನ ಜಾತಿಯ, ಸಮುದ್ರದ ಶಂಕುಹುಳವೊಂದರ ವಿಷದ ಒಂದು ಅಂಶದಿಂದ ಜಿಕೊನೊಟೈಡ್ ಎಂಬ ಔಷಧ ಬಂತು. ಬೇರಾವುದಕ್ಕೂ ಬಗ್ಗದ ತೀವ್ರ ನೋವಿಗೆ ಬೆನ್ನುಹುರಿಯ ನೀರಿಗೇ ಕೊಡಲು ಅಮೆರಿಕ 2004ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿತು. ಅಲ್ಲಿ ಯಾರೂ ಹುಳದ ವಿಷವನ್ನು ಹಿಂಡಿ ಚುಚ್ಚುವುದಿಲ್ಲ. 25 ಅಮೈನೊ ಆಮ್ಲಗಳ ಒಂದೇ ಒಂದು ಅಣುವನ್ನು ಆರಿಸಿ, ಕಾರ್ಖಾನೆಯಲ್ಲಿ ಕಟ್ಟಿ, ಮೈಕ್ರೋಗ್ರಾಂ ಲೆಕ್ಕದಲ್ಲಿ ಕೊಡುತ್ತಾರೆ. ಜೇನಿನ ವಿಷದಿಂದಲೂ ಮುಂದೆ ಏನಾದರೂ ಬಂದರೆ ಇದೇ ದಾರಿಯಲ್ಲಿ ಬರಬೇಕು.

ನೈಸರ್ಗಿಕ ಎಂದರೆ ಮೃದು ಎಂದು ನಂಬುವವರಿಗೆ ಟರ್ಕಿಯ ಕಪ್ಪು ಸಮುದ್ರ ತೀರದ 'ಹುಚ್ಚು ಜೇನು' ನೆನಪಿಸಬೇಕು. ನೇಪಾಳದಲ್ಲೂ ಇದು ಸಿಗುತ್ತದೆ. ರೋಡೊಡೆಂಡ್ರನ್ ಹೂವಿನ ಗ್ರಯಾನೊಟಾಕ್ಸಿನ್ ಅದರಲ್ಲಿದೆ. ಅದು ಹಿಡಿಯುವುದು ಸೋಡಿಯಂ ಬಾಗಿಲುಗಳನ್ನೇ, ಆದರೆ ಮುಚ್ಚುವುದಿಲ್ಲ, ತೆರೆದೇ ಇಡುತ್ತದೆ. ತಿಂದವರ ಬಿಪಿ ಇಳಿಯುತ್ತದೆ, ಎದೆಬಡಿತ ತೀರಾ ನಿಧಾನವಾಗುತ್ತದೆ. ಬೆನ್ನಿನ ಅರಿವಳಿಕೆಯಲ್ಲೂ ಬಿಪಿ ಇಳಿಯುವುದು, ಬಡಿತ ನಿಧಾನವಾಗುವುದು ವೈದ್ಯರು ಕಣ್ಣಿಟ್ಟು ಕಾಯುವ ತೊಂದರೆಗಳು. ಇಂಥ ಜೇನನ್ನು ಈಗ ಆನ್‌ಲೈನ್‌ನಲ್ಲಿ ತರಿಸಿಕೊಳ್ಳುವವರೂ ಇದ್ದಾರೆ. ಅವರಲ್ಲೊಬ್ಬರು ಆಪರೇಷನ್ ಮೇಜಿಗೆ ಬಂದರೆ ವೈದ್ಯರಿಗೆ ಅದು ಗೊತ್ತಿರಲೇಬೇಕು.

ಹೇಳಬೇಕಾದ್ದು ಇನ್ನೂ ಇದೆ. ಜೇನು ಚುಚ್ಚಿಸಿಕೊಳ್ಳುವ ಚಿಕಿತ್ಸೆ ತೆಗೆದುಕೊಳ್ಳುತ್ತಿದ್ದರೆ ಹೇಳಿ. 2018ರಲ್ಲಿ ಪ್ರಕಟವಾದ ಸ್ಪೇನ್‌ನ ಒಂದು ವರದಿಯಲ್ಲಿ, ಎರಡು ವರ್ಷ ಏನೂ ಆಗದೆ ಚುಚ್ಚಿಸಿಕೊಂಡ 55ರ ಮಹಿಳೆಯೊಬ್ಬರು ಒಂದು ಸಲದ ಚುಚ್ಚಿನ ನಂತರ ತೀವ್ರ ಅಲರ್ಜಿಯಾಗಿ ತೀರಿಕೊಂಡರು. 'ಇಷ್ಟು ದಿನ ಏನೂ ಆಗಿಲ್ಲ' ಎಂಬುದು ಅಲರ್ಜಿಯ ವಿಷಯದಲ್ಲಿ ಭರವಸೆಯಲ್ಲ. ಪ್ರೊಪೊಲಿಸ್ ಹಚ್ಚಿ ಚರ್ಮ ತುರಿಸಿ ಕೆಂಪಾಗಿದ್ದರೆ ಹೇಳಿ. ರಾಣಿಜೇನಿನ ಆಹಾರವಾದ ರಾಯಲ್ ಜೆಲ್ಲಿ ತಿನ್ನುತ್ತಿದ್ದರೆ ಹೇಳಿ, ಅದರಲ್ಲೂ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ನುಂಗುವವರು. ಇವೆರಡೂ ಸೇರಿ ರಕ್ತಸ್ರಾವವಾದದ್ದು ವರದಿಯಾಗಿದೆ. ರಕ್ತ ಹೆಪ್ಪುಗಟ್ಟುವುದು ನಿಧಾನವಾಗಿರುವಾಗ ಬೆನ್ನಿಗೆ ಸೂಜಿ ಹಾಕಿದರೆ ಒಳಗೆ ರಕ್ತ ಕಟ್ಟಿ ಬೆನ್ನುಹುರಿಯನ್ನು ಒತ್ತಬಹುದು. 'ಬೇರೆ ಏನಾದರೂ ಔಷಧ ತಗೋತೀರಾ?' ಎಂದು ಕೇಳಿದಾಗ ನಮ್ಮ ಜನ ಜೇನನ್ನು ಔಷಧದ ಲೆಕ್ಕಕ್ಕೆ ಸೇರಿಸುವುದಿಲ್ಲ. ಹಾಗಾಗಿ ಅರಿವಳಿಕೆ ತಜ್ಞರೇ ಜೇನಿನ ಹೆಸರು ಹಿಡಿದು ಕೇಳುವುದು ಒಳ್ಳೆಯದು.

ಸಂಶೋಧನೆಗೆ ಹಣ ಕೊಡುವವರನ್ನು ನಾನು ಒಂದೇ ಒಂದು ಕೇಳುವುದಾದರೆ, ಮಂಗಳೂರಿನ ಆ ಪ್ರಯೋಗವನ್ನು ದೊಡ್ಡದಾಗಿ ಮತ್ತೆ ಮಾಡಿ ಎಂದು ಕೇಳುತ್ತೇನೆ. ನಮ್ಮದೇ ತುಡುವೆ ಜೇನು, ಗಾಮಾ ಕಿರಣದಲ್ಲಿ ಶುದ್ಧ ಮಾಡಿದ್ದು, ಹೋಲಿಕೆಗೆ ಸಕ್ಕರೆ ಪಾಕ, ಹಲವು ಆಸ್ಪತ್ರೆಗಳು, ನೂರಾರು ರೋಗಿಗಳು. ಅದರ ಜೊತೆಗೇ ಮುಜಂಟಿ ಅಂಟಿನಲ್ಲಿ ಏನಿದೆ ಎಂದು ಊರೂರಿನ ಮಾದರಿ ತಂದು ವಿಶ್ಲೇಷಿಸಿ, ಮರಗಟ್ಟಿಸುವ ಅಂಶ ಸಿಕ್ಕರೆ ಅದೊಂದನ್ನೇ ಬೇರ್ಪಡಿಸಿ ನೋಡುವ ಕೆಲಸ ಆಗಬೇಕು. ರಾಜ್ಯದಲ್ಲಿ ಕೃಷಿ ವಿಶ್ವವಿದ್ಯಾಲಯಗಳೂ ಇವೆ, ವೈದ್ಯಕೀಯ ಕಾಲೇಜುಗಳೂ ಇವೆ. ಇವೆರಡೂ ಒಂದೇ ಮೇಜಿನಲ್ಲಿ ಕೂತರೆ ಈ ಕೆಲಸ ಶುರುವಾಗಬಹುದು.